ಕಾರ್ಗತ್ತಲೆಯೊಳಗಿನಿಂದ ಬಂದ ಮಾತು

ಚರ್ಚಿನ ಪ್ರಸಂಗಗಳಲ್ಲಿ ಕತ್ತಲೆ ಎಂದರೆ ಬಹುಮಟ್ಟಿಗೆ ಪಾಪ, ಇಲ್ಲವೇ ಸೈತಾನನ ರಾಜ್ಯ. ಇದಕ್ಕೆ ಆಧಾರವಿಲ್ಲದೆ ಇಲ್ಲ. ದೇವರಲ್ಲಿ ಕತ್ತಲೆಗೆ ಎಡೆಯೇ ಇಲ್ಲ ಎಂದು ಯೋಹಾನನ ಮೊದಲ ಪತ್ರಿಕೆ ಸಾರುತ್ತದೆ. ಯೂದ ಊಟದಿಂದೆದ್ದು ಹೊರಟ ಹೊತ್ತು ರಾತ್ರಿಯಾಗಿತ್ತೆಂದು ಯೋಹಾನನ ಸುವಾರ್ತೆ ಗುರುತಿಸುತ್ತದೆ. ಆದರೆ ಮಗ್ದಲದ ಮರಿಯಳು ಸಮಾಧಿಯ ಬಾಯಿಂದ ಕಲ್ಲು ತೆಗೆದಿರುವುದನ್ನು ಕಂಡದ್ದೂ ಇನ್ನೂ ಕತ್ತಲಿರುವಾಗಲೇ, ಅದೇ ಸುವಾರ್ತೆಯಲ್ಲಿ.

ಪಾಪವೆಂಬ ಒಂದೇ ಅರ್ಥ ಹಿಡಿದು ಹೊರಟವರು ವಿಮೋಚನಕಾಂಡದಲ್ಲಿ ಎಡವುತ್ತಾರೆ. ಹತ್ತನೆಯ ಅಧ್ಯಾಯದಲ್ಲಿ ಐಗುಪ್ತದ ಮೇಲೆ ಮೂರು ದಿನ ಕವಿದ ಕತ್ತಲೆ ಶಿಕ್ಷೆ, ಸರಿ. ಇಪ್ಪತ್ತನೆಯ ಅಧ್ಯಾಯದಲ್ಲಿ ಜನರೆಲ್ಲ ಹೆದರಿ ದೂರ ನಿಂತಾಗ ಮೋಶೆಯೊಬ್ಬನೇ ಕಾರ್ಗತ್ತಲೆಯನ್ನು ಸಮೀಪಿಸುತ್ತಾನೆ. ದೇವರು ಇದ್ದದ್ದು ಅಲ್ಲೇ. ಸೊಲೊಮೋನ ದೇವಾಲಯವನ್ನು ಪ್ರತಿಷ್ಠಿಸುವಾಗ ನೆನೆಯುವುದೂ ಕಾರ್ಗತ್ತಲೆಯಲ್ಲಿ ವಾಸಿಸುವ ದೇವರನ್ನೇ. ಆ ದೇವಾಲಯದ ದೀಪಸ್ತಂಭಗಳು ಗರ್ಭಗುಡಿಯ ಮುಂದಿದ್ದವು, ಒಳಗಲ್ಲ.

ಈ ಎರಡನೆಯ ಕತ್ತಲೆಯನ್ನು ಮನಸ್ಸಿಗೆ ಹಚ್ಚಿಕೊಂಡ ಪರಂಪರೆಯೊಂದಿದೆ. ನಾಲ್ಕನೆಯ ಶತಮಾನದಲ್ಲಿ ನಿಸ್ಸಾದ ಗ್ರೆಗರಿ ಮೋಶೆಯ ಜೀವನವನ್ನು ಕುರಿತು ಬರೆದರು. ಮೋಶೆ ಮೊದಲು ಉರಿಯುವ ಪೊದೆಯಲ್ಲಿ ಬೆಳಕು ಕಂಡ, ಆಮೇಲೆ ಮೋಡ, ಕೊನೆಗೆ ಕತ್ತಲೆ. ದೇವರ ಸಮೀಪ ಹೋದಷ್ಟೂ ಆತ ನಮ್ಮ ಕಾಣ್ಕೆಗೆ ಮೀರಿದವನೆಂಬ ಅರಿವು ಹೆಚ್ಚುತ್ತದೆ ಎಂಬುದು ಅವರ ವಾದ. ದೇವರ ಸ್ವರೂಪವನ್ನು ಬುದ್ಧಿಯಿಂದಲೇ ಪೂರ್ತಿ ಅಳೆಯಬಹುದೆಂದ ಯುನೋಮಿಯಸ್‌ನ ಪಂಥವನ್ನು ಅವರು ಎದುರಿಸುತ್ತಿದ್ದ ಕಾಲ ಅದು. ದಿಯೊನಿಸಿಯಸ್ ಎಂಬ ಹೆಸರಿನಲ್ಲಿ ಬರೆದ ಅಜ್ಞಾತ ಲೇಖಕ ಕ್ರಿ.ಶ. 500ರ ಸುಮಾರಿಗೆ ಇದೇ ದಾರಿಯಲ್ಲಿ ಮುಂದೆ ಹೋದ. ಸ್ಪೇನಿನ ಶಿಲುಬೆಯ ಸಂತ ಯೊವಾನ್ನರಿಗಂತೂ ಕತ್ತಲೆ ಬರಿಯ ರೂಪಕವಾಗಿರಲಿಲ್ಲ. ಅವರದೇ ಸಂನ್ಯಾಸಿ ಸಭೆಯಲ್ಲಿ ಸುಧಾರಣೆಯನ್ನು ವಿರೋಧಿಸಿದ ಸಹೋದರರೇ ಅವರನ್ನು 1577ರ ಡಿಸೆಂಬರಿನಲ್ಲಿ ಹಿಡಿದು ತೊಲೆದೊದ ಇಕ್ಕಟ್ಟಾದ ಕೋಣೆಯಲ್ಲಿ ಕೂಡಿಹಾಕಿದರು; ಮರುವರ್ಷ ಆಗಸ್ಟಿನಲ್ಲಿ ಅವರು ತಪ್ಪಿಸಿಕೊಂಡರು. ಆತ್ಮದ ಕಾರಿರುಳನ್ನು ಕುರಿತು ಅವರು ಆಮೇಲೆ ಬರೆದದ್ದಕ್ಕೆ ಇಂದಿಗೂ ತೂಕವಿದೆ.

ಈ ಪರಂಪರೆಯ ಉಪಕಾರ ದೊಡ್ಡದು. ದೇವರು ನಮ್ಮ ಅಂಗೈಯಲ್ಲಿದ್ದಾನೆ ಎನ್ನುವ ಅಹಂಕಾರವನ್ನು ಅದು ಮುರಿಯಿತು. ಪ್ರಾರ್ಥನೆ ಒಣಗಿಹೋದವನನ್ನು ಪಾಪಿ ಎಂದು ತಳ್ಳದೆ ಕೈಹಿಡಿಯಿತು. ಆದರೂ ನನ್ನ ತಕರಾರಿದೆ. ಗ್ರೆಗರಿ ಕತ್ತಲೆ ಹೊಕ್ಕ ಮೋಶೆಯನ್ನು ಕರೆದೊಯ್ಯುವುದು ಮನುಷ್ಯರ ಕೈ ಕಟ್ಟದ ಪರಲೋಕದ ಗುಡಾರದತ್ತ. ಮೂಲಕಥೆಯಲ್ಲಿ ಆ ಕಾರ್ಗತ್ತಲೆಯೊಳಗಿನಿಂದ ಮೊದಲು ಬರುವುದು ನಿಯಮಗಳು. ಬಲಿಪೀಠದ ಮಾತು ಮುಗಿಯುತ್ತಲೇ ಗುಲಾಮರ ಬಿಡುಗಡೆಯ ವಿಷಯ. ಮುಂದೆ, ಬಡವನ ಹೊದಿಕೆ ಒತ್ತೆ ಇಟ್ಟುಕೊಂಡಿದ್ದರೆ ಹೊತ್ತು ಮುಳುಗುವ ಮೊದಲೇ ಹಿಂದಿರುಗಿಸಬೇಕೆಂಬ ಆಜ್ಞೆ, ರಾತ್ರಿ ಹೊದೆಯಲು ಅವನಿಗಿರುವುದು ಅದೊಂದೇ ಎಂಬ ಕಾರಣ ಸಮೇತ. ಗುಲಾಮಗಿರಿಯನ್ನು ನೇರವಾಗಿ ಖಂಡಿಸಿ ಪ್ರಸಂಗ ಮಾಡಿದ ಗ್ರೆಗರಿಯೇ ಇಲ್ಲಿ ಆ ಎಳೆ ಹಿಡಿಯಲಿಲ್ಲವೆಂಬುದು ನನಗೆ ನೋವಿನ ಸಂಗತಿ. ಅವರ ನಂತರ ಈ ಕತ್ತಲೆ ಹೆಚ್ಚುಹೆಚ್ಚಾಗಿ ಒಂಟಿ ಆತ್ಮದ ಸ್ವತ್ತಾಯಿತು.

ಹೀಗಾಗಿ ಪ್ರವಾದಿ ಆಮೋಸ ಹೊರಗುಳಿದ. ಅವನ ಎಂಟನೆಯ ಅಧ್ಯಾಯದ ವರ್ತಕರು ಸಬ್ಬತ್ ಯಾವಾಗ ಮುಗಿದೀತು, ಧಾನ್ಯದಂಗಡಿ ಯಾವಾಗ ತೆರೆದೇವು ಎಂದು ಕಾಯುವವರು. ಅಳೆಯುವ ಕೊಳಗ ಕಿರಿದು, ತೂಕದ ಕಲ್ಲು ಹಿರಿದು, ತಕ್ಕಡಿಯಲ್ಲಿ ಮೋಸ; ಗೋಧಿಯ ಕಸವನ್ನೂ ಬಿಡದೆ ಮಾರುತ್ತಾರೆ, ಬಡವನನ್ನು ಒಂದು ಜೊತೆ ಕೆರದ ಬೆಲೆಗೆ ಕೊಳ್ಳುತ್ತಾರೆ. ಅದಕ್ಕೆ ಉತ್ತರವಾಗಿಯೇ ದೇವರು ನಡುಮಧ್ಯಾಹ್ನ ಸೂರ್ಯನನ್ನು ಮುಳುಗಿಸುತ್ತೇನೆ, ಒಬ್ಬನೇ ಮಗ ಸತ್ತ ಮನೆಯ ಗೋಳನ್ನು ಬರಮಾಡುತ್ತೇನೆ ಎನ್ನುತ್ತಾನೆ.

ಇದನ್ನು ಓದಿಕೊಂಡು ಮಾರ್ಕನ ಹದಿನೈದನೆಯ ಅಧ್ಯಾಯಕ್ಕೆ ಬನ್ನಿ. ಮಧ್ಯಾಹ್ನದಿಂದ ಮೂರು ಗಂಟೆಯವರೆಗೆ ದೇಶದ ಮೇಲೆಲ್ಲ ಕತ್ತಲೆ, ಶಿಲುಬೆಯ ಮೇಲೆ ಮಗ. ಸೂರ್ಯಗ್ರಹಣವೆಂದು ವಿವರಿಸುವ ಯತ್ನ ನಿಲ್ಲದು: ಪಸ್ಕ ಹಬ್ಬ ಹುಣ್ಣಿಮೆಯ ಹೊತ್ತಿಗೆ ಬರುತ್ತದೆ, ಗ್ರಹಣ ಅಮಾವಾಸ್ಯೆಗೆ. ಮಾರ್ಕನ ಕತ್ತಲೆಯ ಬೇರು ಆಮೋಸನಲ್ಲಿದೆ. ಅದು ಶಿಕ್ಷೆಯ ಕತ್ತಲೆ. ದೇವರಿರುವ ಕತ್ತಲೆಯೂ ಅದೇ. ತೀರ್ಪು ಬರೆಯುವವನೇ ತೀರ್ಪಿಗೆ ಗುರಿಯಾದವನ ಜಾಗದಲ್ಲಿದ್ದಾನೆ. ಪ್ರಸಂಗಪೀಠ ಮೊದಲನೆಯದನ್ನಷ್ಟೇ ಹಿಡಿಯಿತು, ಅನುಭಾವಿಗಳು ಎರಡನೆಯದನ್ನು. ಮಾರ್ಕ ಎರಡನ್ನೂ ಬಿಡಲಿಲ್ಲ.

ನಮ್ಮ ಅನೇಕ ಸಭೆಗಳಲ್ಲಿ ಗುಡ್ ಫ್ರೈಡೇ ದಿನ ಹನ್ನೆರಡರಿಂದ ಮೂರರವರೆಗೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ ನಡೆಯುತ್ತದೆ. ಸಭಾಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ಮಾತಿಗೆ ಮುನ್ನ ಆಮೋಸನ ಎಂಟನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ.