ಒಂದು ‘ಅಂತ’ದ ಬೆಲೆ

ಆನ್‌ಲೈನ್ ಕಾನೂನು ಪದವಿಗೆ ಇಂದು ಸಿಗುತ್ತಿರುವ ಹೊಗಳಿಕೆ ಅದರ ಯೋಗ್ಯತೆಗೆ ಮೀರಿದ್ದು. ದೂರಶಿಕ್ಷಣದ ಎಲ್‌ಎಲ್‌ಬಿಗೆ ಸನದು ಸಿಗುವುದಿಲ್ಲ. ಬಾರ್ ಕೌನ್ಸಿಲ್ಲಿನ 2008ರ ನಿಯಮಗಳು ಪ್ರತಿ ವಿಷಯಕ್ಕೂ ಶೇ. 70 ಹಾಜರಿ ಕೇಳುತ್ತವೆ. ಈ ನಿಯಮ ಹಳತಾಯಿತು ಎನ್ನುವವರು ಸವದತ್ತಿಯಲ್ಲೋ ಬೈಲಹೊಂಗಲದಲ್ಲೋ ಒಂದು ಪಾಟೀಸವಾಲನ್ನು ಕಿವಿಗೊಟ್ಟು ಕೇಳಬೇಕು.

ವಾಟ್ನಿ (ಆಸ್ತಿ ಪಾಲು) ದಾವೆಯೊಂದನ್ನು ತೆಗೆದುಕೊಳ್ಳಿ. ಹಿಂದೆಯೇ ವಾಟ್ನಿ ಆಗಿಹೋಗಿದೆ ಎಂಬುದು ಪ್ರತಿವಾದಿಯ ತಕರಾರು. ಕಟಕಟೆಯಲ್ಲಿ ನಿಂತ ಫಿರ್ಯಾದಿಯ ಸಾಕ್ಷಿ, ವಯಸ್ಸಾದ ರೈತ, ಹೇಳುತ್ತಾನೆ: “ಹಿಂದಕ ವಾಟ್ನಿ ಆಗೇತಂತ್ರಿ.” ‘ಆಗೇತ್ರಿ’ ಅಲ್ಲ, ‘ಆಗೇತಂತ್ರಿ’. ಆ ‘ಅಂತ’ದಲ್ಲಿ ಸಾಕ್ಷ್ಯ ಕಾಯ್ದೆಯ ಒಂದು ಕಲಮೇ ಇದೆ. ತಾನು ಕಂಡದ್ದಲ್ಲ, ಯಾರೋ ಹೇಳಿದ್ದು. ಮೌಖಿಕ ಸಾಕ್ಷ್ಯ ನೇರವಾಗಿರಬೇಕೆನ್ನುತ್ತದೆ ಹೊಸ ಸಾಕ್ಷ್ಯ ಅಧಿನಿಯಮದ 55ನೇ ಕಲಮು. ಆದರೆ ಟೈಪಾಗುವಾಗ ಆ ಮಾತು “ಹಿಂದೆ ವಾಟ್ನಿ ಆಗಿದೆ” ಎಂದಾಗಿಬಿಟ್ಟರೆ ಕೇಳಿದ ಸುದ್ದಿ ಒಪ್ಪಿಗೆಯಾಗುತ್ತದೆ, ಹೊಲ ಕೈಬಿಡುತ್ತದೆ. ಫಿರ್ಯಾದಿಯ ವಕೀಲ ಆ ಕ್ಷಣವೇ ಎದ್ದು, ಸಾಕ್ಷಿ ಆಡಿದ ಮಾತನ್ನೇ ಬರೆಸಬೇಕು.

ಅಖಿಲ ಭಾರತ ವಕೀಲರ ಪರೀಕ್ಷೆಯ 100 ಪ್ರಶ್ನೆಗಳಲ್ಲಿ 55ನೇ ಕಲಮು ಬರಬಹುದು. ಕಾಯ್ದೆಯ ಪುಸ್ತಕ ಕೈಯಲ್ಲಿಟ್ಟುಕೊಂಡು, ಕನ್ನಡದಲ್ಲೇ, ನಾಲ್ಕರಲ್ಲಿ ಒಂದನ್ನು ಗುರುತಿಸಬಹುದು. 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ಪರೀಕ್ಷೆಯನ್ನು ಎತ್ತಿಹಿಡಿದದ್ದು ಸರಿಯೇ. ಆದರೂ ಅದು ಕಣ್ಣಿನ ಪರೀಕ್ಷೆ, ಕಿವಿಯದಲ್ಲ.

ರಾಮದುರ್ಗದ, ಕಿತ್ತೂರಿನ ಬಡ ಹೆಣ್ಣುಮಕ್ಕಳು ಬೆಳಗಾವಿ, ಹುಬ್ಬಳ್ಳಿಗೆ ಹೋಗಿ ಓದುವುದು ಹೇಗೆ ಎಂದು ಆನ್‌ಲೈನ್ ಪರರು ಕೇಳುತ್ತಾರೆ. ಕಷ್ಟ ನಿಜ. ಅವರಿಗೆ ಹಾಸ್ಟೆಲ್ ಕೊಡಿ, ವಿದ್ಯಾರ್ಥಿವೇತನ ಕೊಡಿ. ಬಡವರೆಂದು ಅರೆಬರೆ ವಿದ್ಯೆ ಕೊಡಬೇಡಿ. ಕಾಲೇಜಿಗೆ ಹೋದರೆ ಸಾಕು ಎನ್ನುವ ಹಿರಿಯರ ಜೊತೆಗೂ ನನ್ನ ಜಗಳವಿದೆ. ಹಾಜರಿ ಪುಸ್ತಕವೂ ಆ ‘ಅಂತ’ವನ್ನು ಕಲಿಸುವುದಿಲ್ಲ. ಬಾರ್ ಕೌನ್ಸಿಲ್ ತಂದಿದ್ದ ಒಂದು ವರ್ಷದ ತರಬೇತಿ ನಿಯಮವನ್ನು 1999ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ತರಬೇತಿ ಬೇಡವೆಂದಲ್ಲ, ಕೌನ್ಸಿಲ್ಲಿಗೆ ಆ ಅಧಿಕಾರವಿಲ್ಲವೆಂದು. ಸಂಸತ್ತು ಅಧಿಕಾರ ಕೊಡಲಿ ಎಂದು ಈ ಹಿರಿಯರು ಯಾಕೆ ಪಟ್ಟುಹಿಡಿಯುವುದಿಲ್ಲ?

ಪದವಿಯ ಮೇಲೆ ಒಂದು ವರ್ಷ, ಸಂಬಳ ಸಹಿತ, ತಾಲೂಕು ಕೋರ್ಟಿನಲ್ಲಿ ಹಿರಿಯರ ಹಿಂದೆ ಕೂರುವುದು ಕಡ್ಡಾಯವಾಗಲಿ. ಸಾಕ್ಷಿ ಆಡಿದ್ದನ್ನು ಆಡಿದಂತೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಸಂಜೆ ಟೈಪಾದ ಪ್ರತಿಯೊಂದಿಗೆ ಕೂಡಿಸಿ ನೋಡುವುದು: ಜೂನಿಯರಿಗೆ ಮೊದಲ ವರ್ಷ ಇಷ್ಟೇ ಕೆಲಸ ಸಾಕು.