ಮಿನಿಮೋಗ್ ಕೇಳುವ ಬಗೆ

ಮಿನಿಮೋಗ್ ಮಾಡೆಲ್ ಡಿ ಎಂಬ ಸಿಂಥಸೈಜರ್ ಆ್ಯಪ್ ಹಾಕಿಕೊಂಡವರು ಮೊದಲು ಸಿದ್ಧ ನಾದಗಳ ಪಟ್ಟಿ ತೆರೆದು ಒಂದೊಂದನ್ನೇ ಒತ್ತಿ ನೋಡುತ್ತಾರೆ. ಸ್ವಲ್ಪ ಹೊತ್ತಿಗೇ ಬೇಸರ ಬರುತ್ತದೆ. ಆ ಪಟ್ಟಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಈ ವಾದ್ಯದ ಸೊಗಸು ರಾಗದಲ್ಲಿಲ್ಲ, ಒಂದೇ ಸ್ವರ ಬಣ್ಣ ಬದಲಿಸುವುದರಲ್ಲಿದೆ.

ಮೂಲ ಮಿನಿಮೋಗ್ 1970ರಲ್ಲಿ ಅಮೆರಿಕದ ರಾಬರ್ಟ್ ಮೋಗ್ ಅವರ ಕಂಪನಿಯಿಂದ ಬಂದದ್ದು. 44 ಮನೆಗಳ ಕೀಬೋರ್ಡು, ಒಮ್ಮೆಗೆ ಒಂದೇ ಸ್ವರ. ಮೋಗ್ ಕಂಪನಿಯೇ 2018ರಲ್ಲಿ ಅದನ್ನು ಐಫೋನ್, ಐಪ್ಯಾಡ್‌ಗಳಿಗೆ ತಂದಿತು. ಮೂರು ಆಸಿಲೇಟರುಗಳು ನಾದ ಹುಟ್ಟಿಸುತ್ತವೆ, ಮಿಕ್ಸರ್ ಬೆರೆಸುತ್ತದೆ, ಫಿಲ್ಟರ್ ಸೋಸುತ್ತದೆ. ಎಡದಿಂದ ಬಲಕ್ಕೆ ಕಣ್ಣಾಡಿಸಿದರೆ ನಾದ ಸಾಗುವ ದಾರಿ ತಾನೇ ತಿಳಿಯುತ್ತದೆ.

ಮಿಕ್ಸರಿನಲ್ಲಿ ಮೊದಲ ಆಸಿಲೇಟರ್ ಒಂದನ್ನೇ ಉಳಿಸಿ. ಗರಗಸದ ಹಲ್ಲಿನಂಥ ಗುರುತಿರುವ ಅಲೆ ಆರಿಸಿ, ಫಿಲ್ಟರಿನ ಗಡಿ ಗೊತ್ತುಮಾಡುವ ಕಟಾಫ್ ನಾಬನ್ನು ಪೂರ್ತಿ ತೆರೆದು, ಮಂದ್ರದ ಒಂದು ಮನೆ ಒತ್ತಿ ಹಿಡಿಯಿರಿ. ಒರಟು ನಾದ, ಒಂದೇ ಹದ. ಈಗ ಎರಡನೆಯ ಆಸಿಲೇಟರನ್ನೂ ಹಚ್ಚಿ ಅದರ ಶ್ರುತಿಯನ್ನು ಕೂದಲೆಳೆಯಷ್ಟು ಸರಿಸಿ. ಸತ್ತಂತಿದ್ದ ಸ್ವರಕ್ಕೆ ಜೀವ ಬರುತ್ತದೆ. ತಂಬೂರಿಯ ಎರಡು ತಂತಿಗಳು ಇನ್ನೇನು ಕೂಡಬೇಕೆನ್ನುವಾಗ ಕೇಳುವ ಅಲೆಯೇ ಇದು. ಒಂದು 220 ಹರ್ಟ್ಸ್, ಇನ್ನೊಂದು 221 ಆದರೆ ಮೂಲಸ್ವರದಲ್ಲಿ ಸೆಕೆಂಡಿಗೊಂದು ಅಲೆ.

ಬೆರಳು ತೆಗೆಯದೆ ಕಟಾಫ್ ನಾಬನ್ನು ನಿಧಾನವಾಗಿ ಇಳಿಸಿ. ಸ್ವರದೊಳಗೇ ತಾವಾಗಿ ಹುಟ್ಟುವ ಸ್ವಯಂಭೂ ಸ್ವರಗಳು ಮೇಲಿನಿಂದ ಒಂದೊಂದಾಗಿ ಕರಗುತ್ತವೆ. ಗಡಿಯಿಂದಾಚೆ ಪ್ರತಿ ಸ್ಥಾಯಿಗೆ 24 ಡೆಸಿಬಲ್ ತಗ್ಗಿಸುವ ಈ ಫಿಲ್ಟರೇ ಮೋಗ್‌ನ ಹೆಗ್ಗುರುತು. ಎಂಫಸಿಸ್ ನಾಬ್ ಏರಿಸಿ ಮತ್ತೆ ಕಟಾಫ್ ತಿರುಗಿಸಿ: ಗಡಿಯಲ್ಲಿರುವ ಸ್ವರಗಳು ಎದ್ದು ನಿಂತು 'ವಾವ್' ಎನ್ನುತ್ತವೆ. ಇಷ್ಟು ಕೇಳಿದ ಮೇಲೆ ಪಾರ್ಲಿಮೆಂಟ್ ತಂಡದ 'ಫ್ಲ್ಯಾಶ್ ಲೈಟ್' ಹಾಡು ಹಾಕಿ. ಅಲ್ಲಿ ಬರ್ನಿ ವೊರೆಲ್ ಬಾಸ್ ನುಡಿಸಿರುವುದು ಮಿನಿಮೋಗ್‌ನಲ್ಲೇ. ಮೊದಲು ಬರೀ 'ಧಂ' ಎಂದು ಕೇಳಿದ್ದರಲ್ಲಿ ಈಗ ಫಿಲ್ಟರಿನ ಕೆಲಸ ಕಿವಿಗೆ ಬೀಳುತ್ತದೆ.

ಗ್ಲೈಡ್ ಎಂಬುದೊಂದಿದೆ, ಸ್ವರದಿಂದ ಸ್ವರಕ್ಕೆ ಜಾರಿಸುತ್ತದೆ. ಇದರಿಂದ ಗಮಕವೂ ಸಿಕ್ಕಿತು ಎಂದು ಸಂಭ್ರಮಪಡುವವರಿದ್ದಾರೆ. ನಾನು ಒಪ್ಪಲಾರೆ. ಮೊದಲೇ ಇಟ್ಟ ವೇಗದಲ್ಲಿ ಜಾರುವ ಯಂತ್ರಕ್ಕೆ ಎಲ್ಲಿ ತಡೆಯಬೇಕು, ಎಲ್ಲಿ ಒತ್ತಬೇಕೆಂಬುದು ಗೊತ್ತಿಲ್ಲ. ಆ್ಯಪಿನಲ್ಲಿ ನಾಲ್ಕು ಸ್ವರ ಒಟ್ಟಿಗೆ ನುಡಿಸುವ ಅನುಕೂಲವೂ ಉಂಟು; ಹೊಸಬರು ಅದರ ತಂಟೆಗೆ ಹೋಗದಿರುವುದೇ ವಾಸಿ.

ಇನ್ನೊಂದು ಮಾತು. ಫೋನಿನ ಸ್ಪೀಕರು ಮಂದ್ರಸ್ವರಗಳನ್ನು ನುಂಗಿಹಾಕುತ್ತದೆ, ಬ್ಲೂಟೂತ್‌ನಲ್ಲಿ ಬೆರಳು ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ. ವೈರ್ ಇರುವ ಹೆಡ್‌ಫೋನನ್ನೇ ಹಾಕಿಕೊಳ್ಳಿ.