ಚೌಡಿಕೆಯ ದನಿ ಮತ್ತು ಕಾಯ್ದೆಯ ಮೌನ

ಹೂವಿನಹಡಗಲಿಯ ಇಟ್ಟಿಗಿ ಸುತ್ತಿನಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳವರೆಗೆ ಹರಡಿರುವ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ದೇವರ ಹೆಸರಿಗೆ ಬಿಡುವ ಪದ್ಧತಿಯೂ ಆ ದೇವರನ್ನು ಕೊಂಡಾಡುವ ಚೌಡಿಕೆ ಪದಗಳೂ ಒಂದೇ ಅಂಗಳದಲ್ಲಿ ಬೆಳೆದವು. ಹುಲಿಗೆಮ್ಮ, ಉಚ್ಚಂಗೆಮ್ಮ, ಎಲ್ಲಮ್ಮರ ಹೆಸರಿನಲ್ಲಿ ಹುಡುಗಿಯ ಕೊರಳಿಗೆ ಮಣಿಸರ ಕಟ್ಟುವುದನ್ನು 'ಮುತ್ತು ಕಟ್ಟುವುದು' ಎನ್ನುತ್ತಾರೆ. ಗಂಡುಮಕ್ಕಳಿಲ್ಲದ ಮನೆಯವರು ಮಗಳಿಗೆ ಮದುವೆ ಮಾಡದೆ, ಮಗನ ಸ್ಥಾನ ಕೊಟ್ಟು ಮನೆಯಲ್ಲೇ ಉಳಿಸಿಕೊಳ್ಳುವುದು 'ಬಸವಿ ಬಿಡುವುದು'. ಹೀಗೆ ಬಿಡಲ್ಪಟ್ಟು ದೇವದಾಸಿಯರೆನಿಸಿದವರು ಬಹುಪಾಲು ಭೂಮಿಯಿಲ್ಲದ ದಲಿತ ಮನೆಗಳ ಹೆಣ್ಣುಮಕ್ಕಳಾಗಿದ್ದರು, ಅವರ ದೇಹದ ಮೇಲೆ ಹಕ್ಕು ಚಲಾಯಿಸಿದವರು ಊರಿನ ಉಳ್ಳವರಾಗಿದ್ದರು ಎಂಬುದನ್ನು ಮರೆತು ಈ ಸಂಗೀತದ ಬೆಲೆ ಕಟ್ಟಲಾಗದು.

ಚೌಡಿಕೆಯೆಂದರೆ ಒಂದು ಬಾಯಿಗೆ ಚರ್ಮ ಬಿಗಿದ, ಕೊಳಗದಂಥ ಮರದ ವಾದ್ಯ. ಅದನ್ನು ಕಂಕುಳಲ್ಲಿ ಅವುಚಿಕೊಂಡು, ಚರ್ಮದ ನಡುವಿನಿಂದ ಹೊರಟ ತಂತಿಯನ್ನು ಎಳೆಯುತ್ತ ಸಡಿಲಿಸುತ್ತ ಮೀಟಿದಾಗ ನಾದ ಏರಿಳಿದು, ಹಾಡುವವಳ ಮಾತಿಗೆ ಮರುಮಾತಿನಂತೆ ಒದಗುತ್ತದೆ. ಈ ಪದಗಳ ಮುಖ್ಯ ವಸ್ತುವಾದ ರೇಣುಕೆಯ, ಎಂದರೆ ಎಲ್ಲಮ್ಮನ, ಕಥೆಯಲ್ಲಿ ಗಂಡ ಜಮದಗ್ನಿಯ ಸಂಶಯಕ್ಕೆ ಗುರಿಯಾದ ಹೆಣ್ಣಿನ ತಲೆಯನ್ನು ಅವನ ಅಪ್ಪಣೆಯಂತೆ ಮಗನೇ ಕಡಿಯುತ್ತಾನೆ. ಹಾಡುಗಾರ್ತಿಯರು ಆ ಸಂಕಟವನ್ನು ಎಳೆ ಎಳೆಯಾಗಿ ಬಿಡಿಸಿ ಹಾಡುತ್ತಾರೆ; ಕೇಳುವ ಹೆಂಗಸರು ತಮ್ಮದೇ ಬಾಳನ್ನು ಅದರಲ್ಲಿ ಗುರುತಿಸಿಕೊಳ್ಳುತ್ತಾರೆ. ಆದರೆ ಕಡೆಗೆ ಕಥೆಯು ಅಷ್ಟು ನೋವನ್ನೂ ತಾಯಿಯ ಲೀಲೆಯೆಂದು ಒಪ್ಪಿಸಿ, ಜಮದಗ್ನಿಯನ್ನು ಪ್ರಶ್ನಿಸದೆ ಬಿಡುತ್ತದೆ. ದುಃಖಕ್ಕೆ ಇಷ್ಟು ಸಮರ್ಥವಾದ ದನಿ ಕೊಟ್ಟ ಕಲೆಯು ಆ ದುಃಖದ ಕಾರಣಕರ್ತನನ್ನು ಹೆಸರಿಸದಿರುವುದು ಈ ಪರಂಪರೆಯ ದೊಡ್ಡ ಮಿತಿ.

ಆಶ್ಚರ್ಯವೆಂದರೆ ಇದೇ ಮಿತಿ ಕಾನೂನಿನಲ್ಲೂ ಇತ್ತು. ಬಳ್ಳಾರಿ ಸೀಮೆ 1953ರವರೆಗೆ ಮದರಾಸು ಆಡಳಿತದಲ್ಲಿದ್ದುದರಿಂದ ಅಲ್ಲಿನ 1947ರ ದೇವದಾಸಿ ನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಮುಂದೆ ಕರ್ನಾಟಕವೇ 1982ರಲ್ಲಿ ತನ್ನದೇ ಕಾಯ್ದೆ ಮಾಡಿತು. ಅದರ ಪ್ರಕಾರ ಮುತ್ತು ಕಟ್ಟುವಲ್ಲಿ ಪಾಲ್ಗೊಂಡವರಿಗೆ 3 ವರ್ಷಗಳವರೆಗೆ, ತಂದೆತಾಯಿ ಅಥವಾ ಸಂಬಂಧಿಕರಿಗೆ 5 ವರ್ಷಗಳವರೆಗೆ ಸಜೆಯಿತ್ತು. ಬಡತನಕ್ಕೂ ಊರಿನ ಒತ್ತಡಕ್ಕೂ ಸಿಕ್ಕಿದ ಹೆತ್ತವರಿಗೆ ಹೆಚ್ಚಿನ ಶಿಕ್ಷೆ ವಿಧಿಸಿದ ಶಾಸನವು, ಆ ಹೆಣ್ಣನ್ನು ಇಟ್ಟುಕೊಂಡು ಮಕ್ಕಳಿಗೆ ತನ್ನ ಹೆಸರನ್ನೂ ಕೊಡದ ಗಂಡಸಿನ ಬಗ್ಗೆ ಮೌನವಾಗಿತ್ತು. ಕಾಯ್ದೆ ಬಂದು ಕಾಲು ಶತಮಾನವಾದ ಮೇಲೂ, 2007-08ರ ಸರ್ಕಾರಿ ಸಮೀಕ್ಷೆಯಲ್ಲಿ ರಾಜ್ಯದ 46,660 ದೇವದಾಸಿ ಮಹಿಳೆಯರು ದಾಖಲಾದರು.

ಕಾರಣಕರ್ತನನ್ನು ಹೆಸರಿಸುವ ಕೆಲಸಕ್ಕೆ ಬೇರೊಂದು ಸಂಗೀತ ಮುಂದಾಯಿತು. ಕವಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಸಂಕಲನ ಬಂದ 1975ರ ಸುಮಾರಿನಿಂದ ದಲಿತ ಚಳವಳಿಯ ಹಾಡುಗಳು ಒಡೆಯನನ್ನೂ ಪ್ರಭುತ್ವವನ್ನೂ ಎದುರಿಗೆ ನಿಲ್ಲಿಸಿ ಕೇಳಿದವು. ಕನ್ನಡದ ಹಾಡಿಗೆ ಅದರಿಂದ ಬಂದ ಧೈರ್ಯ ದೊಡ್ಡದು. ಆದರೂ ಆ ಹಾಡುಗಳ 'ನಾವು' ಹೆಚ್ಚಾಗಿ ದುಡಿಯುವ ಗಂಡಸಿನ ದನಿಯಾಗಿಯೇ ಉಳಿದು, ಮುತ್ತು ಕಟ್ಟಿಸಿಕೊಂಡವಳು ಅಲ್ಲಿ ತಾನೇ ಹಾಡುವವಳಾಗಿ ಬರುವುದು ವಿರಳವಾಯಿತು.

ಕಾಳವ್ವ ಜೋಗತಿಯವರ ಬಳಿ ಪಳಗಿದ, ಮರಿಯಮ್ಮನಹಳ್ಳಿಯ ಲಿಂಗಪರಿವರ್ತಿತ ಕಲಾವಿದೆ ಮಂಜಮ್ಮ ಜೋಗತಿಯವರ ಸಾಧನೆಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಹೆಣ್ಣಾಗಿ ಬಾಳುವ ದೇಹಗಳ ಅವಮಾನವನ್ನು ಅವರು ಜೋಗತಿ ನೃತ್ಯದ ಮೂಲಕ ರಂಗಕ್ಕೆ ತಂದು, ಭಿಕ್ಷೆಯ ಕಲೆಗೆ ಪ್ರೇಕ್ಷಕರ ಗೌರವವನ್ನು ಗಳಿಸಿಕೊಟ್ಟರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಈ ಗೌರವ ಸಂಪೂರ್ಣವಾಗಿ ಯೋಗ್ಯವಾದುದು. ಆದರೆ ಲಿಂಗಪರಿವರ್ತಿತ ಜೋಗತಿಯರ ಬಾಳೂ ದಲಿತ ಬಸವಿಯರ ಬಾಳೂ ಬೇರೆ ಬೇರೆಯಾಗಿರುವುದರಿಂದ, ಒಬ್ಬ ಕಲಾವಿದೆಗೆ ಸಂದ ಪ್ರಶಸ್ತಿಯನ್ನು ತೋರಿಸಿ ಸಾವಿರಾರು ಮಹಿಳೆಯರ ಮಾಸಾಶನ, ಮನೆ, ಭೂಮಿಯ ಪ್ರಶ್ನೆಗೆ ಉತ್ತರವಾಯಿತೆಂದು ಸರ್ಕಾರ ಭಾವಿಸುವಂತಿಲ್ಲ.

ದೇವದಾಸಿ ಮಹಿಳೆಯರ ವಿಮೋಚನಾ ಸಂಘದಂಥ ಸಂಘಟನೆಗಳ ದೀರ್ಘ ಹೋರಾಟದ ಬೆನ್ನಿಗೆ, 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಶಾಸನವು ದೇವದಾಸಿಯರ ಮಕ್ಕಳು ತಂದೆಯ ಗುರುತನ್ನೂ ಆಸ್ತಿಯ ಪಾಲನ್ನೂ ಕೇಳುವ ಹಕ್ಕನ್ನು ಮಾನ್ಯ ಮಾಡಿದೆ. ಹಳೆಯ ಕಾಯ್ದೆಯ ಮೌನ ಅಷ್ಟರಮಟ್ಟಿಗೆ ಮುರಿದಿದೆ. ಈ ಹಕ್ಕಿನ ತಿಳಿವಳಿಕೆಯನ್ನು ಊರೂರಿಗೆ ಒಯ್ಯುವ ಕೆಲಸವನ್ನು ಸರ್ಕಾರ ಈ ಸೀಮೆಯ ಚೌಡಿಕೆ ಹಾಡುಗಾರ್ತಿಯರಿಗೇ, ತಕ್ಕ ಗೌರವಧನ ಕೊಟ್ಟು, ವಹಿಸಬೇಕು.